ಹಾಸಿಗೆಯವಳ ದೋಣಿ

ಹಾಸಿಗೆ ಹೊಲಿದು ಬದುಕುವ ಹೆಂಗಸಿಗೆ ದೋಣಿ ಯಾಕೆ ಎಂದು ಓಣಿಯವರೆಲ್ಲ ಕೇಳಿದ್ದಾಗಿತ್ತು. ಅವಳು ಸೂಜಿಯಿಂದ ಕಣ್ಣೆತ್ತದೆ, "ಕೂತ್ಕೊಳ್ಳೋಕೆ" ಅನ್ನುತ್ತಿದ್ದಳು.

ಅವಳ ಅಪ್ಪ ಅಂಬಿಗ. ದೋಣಿಯಲ್ಲಿ ಅಣ್ಣನ ಕೈಗೆ ಹುಟ್ಟು ಕೊಡುತ್ತಿದ್ದ, ಅವಳ ಕೈಗೆ ನೀರು ಮೊಗೆಯುವ ಡಬ್ಬ. ಹುಟ್ಟು ಮುಟ್ಟಿದರೆ ಗದರುತ್ತಿದ್ದ. ಅಪ್ಪ ಹೋದ ಮೇಲೆ ದೋಣಿ ಹಿತ್ತಲಲ್ಲಿ ಬೋರಲು ಬಿದ್ದು ಕೋಳಿಗಳಿಗೆ ಮನೆಯಾಯಿತು. ಅಣ್ಣ ಬಡಗಿಯಾದ. ಅಂಗಡಿಯ ಕಪಾಟಿಗೆ ಈ ಹಲಗೆಗಳೇ ಸರಿ ಎಂದು ಒಂದು ದಿನ ಗರಗಸ ತಂದ.

ಅವಳು ದೋಣಿಯ ಬೆನ್ನ ಮೇಲೆ ಹತ್ತಿ ಕುಳಿತಳು. "ನನ್ನ ಸಮೇತ ಕೊಯ್ಯಿ."

ಕೊನೆಗೆ ಮಾತಾಯಿತು: ಮಳೆ ಶುರುವಾಗುವುದರೊಳಗೆ ತೇಲಿದರೆ ದೋಣಿ ಅವಳದು, ಇಲ್ಲದಿದ್ದರೆ ಕಪಾಟು.

ಕೊಳೆತ ಹಲಗೆ ಕಿತ್ತು ಹೊಸದು ಕೂರಿಸುವುದನ್ನು ಬೆರಳು ಜಜ್ಜಿಕೊಂಡೇ ಕಲಿತಳು. ಸಂದುಗಳಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುಂಬಬೇಕಿತ್ತು. ಹತ್ತಿ ತುಂಬುವುದನ್ನು ಅವಳಿಗೆ ಯಾರು ಹೇಳಿಕೊಡಬೇಕು? ಹಾಸಿಗೆಗೆ ತುಂಬಿದ ಹಾಗೆಯೇ ಗಿಡಿದು ತುಂಬಿದಳು. ನೀರಿಗಿಳಿದ ದೋಣಿ ಒಂದು ಹನಿಯೂ ಸೋರಲಿಲ್ಲ. ಆದರೆ ನೀರು ಕುಡಿದು ಉಬ್ಬಿದ ಹಲಗೆಗಳಿಗೆ ಹಿಗ್ಗಲು ಜಾಗವೇ ಇರಲಿಲ್ಲ. ಮರುದಿನ ಮೊಳೆ ಕಿತ್ತು ಒಂದು ಹಲಗೆ ಹೊರಗೆ ಬಾಗಿತು.

"ಇದೇನು ತಲೆದಿಂಬು ಅಂದ್ಕೊಂಡ್ಯಾ?" ಅಣ್ಣ ಹೊಟ್ಟೆ ಹಿಡಿದು ನಕ್ಕ.

"ಮಳೆ ಇನ್ನೂ ಬಂದಿಲ್ಲ," ಎಂದಳು.

ದೋಣಿಯನ್ನು ಎಳೆತಂದು, ಹತ್ತಿಯನ್ನೆಲ್ಲ ಕೆದಕಿ ತೆಗೆದು, ಬಾಗಿದ ಹಲಗೆಯನ್ನು ಮತ್ತೆ ಬಡಿದು ಕೂರಿಸಿ, ಎಳೆಮಗುವಿನ ಹಾಸಿಗೆಗೆ ಹಾಕುವಷ್ಟು ಮಾತ್ರ ಮತ್ತೆ ತುಂಬಿದಳು. ಮೋಡ ಕಟ್ಟಿದ ಮಧ್ಯಾಹ್ನ ಹೊಳೆಗಿಳಿಸಿದಾಗ ಎಲ್ಲ ಸಂದುಗಳಿಂದಲೂ ನೀರು ನುಗ್ಗಿತು. ದಡದಲ್ಲಿದ್ದವರಿಗೆ ನಗುವೋ ನಗು. ಅತ್ತಿಗೆಗೆ ಮಾತ್ರ ಪಾಪ ಅನ್ನಿಸಿತು.

"ಸಾಕು ಬಾರೇ, ಮುಳುಗ್ತಾ ಇದೆ."

"ಮುಳುಗಲಿ ಬಿಡಿ ಅತ್ತಿಗೆ. ಮರ ಹೊಟ್ಟೆ ತುಂಬಾ ಕುಡೀಲಿ."

ಹಾಗೆಂದವಳು ತಾನೇ ಕಲ್ಲು ಹೇರಿ ದೋಣಿಯನ್ನು ಅಂಚಿನವರೆಗೂ ಮುಳುಗಿಸಿದಳು. ಅಣ್ಣ ಗರಗಸಕ್ಕೆ ಅರ ಹಾಕಿ ಹಲ್ಲು ಹರಿತ ಮಾಡಲು ಹೋದ.

ಹಲಗೆಗಳು ಉಬ್ಬಿ ಒಂದನ್ನೊಂದು ಒತ್ತಿಕೊಳ್ಳುವವರೆಗೆ ಅವಳು ದಡದಲ್ಲೇ ಹಾಸಿಗೆ ಹೊಲಿಯುತ್ತ ಕಾದಳು. ನಗುತ್ತಿದ್ದವರಿಗೂ ನಕ್ಕು ನಕ್ಕು ಬೇಸರವಾಯಿತು. ಆಮೇಲೆ ಕಲ್ಲು ತೆಗೆದು, ಅದೇ ಹಳೆಯ ಡಬ್ಬದಲ್ಲಿ ನೀರು ಮೊಗೆದು ಚೆಲ್ಲಿ, ಡಬ್ಬವನ್ನು ದಡಕ್ಕೆಸೆದು ಹುಟ್ಟು ಹಿಡಿದಳು. ಮೊದಮೊದಲು ದೋಣಿ ಗಿರಗಿರ ತಿರುಗಿತು. ಮೊದಲ ಮಳೆಹನಿ ಬೀಳುವಾಗ ಅವಳು ನಡುಹೊಳೆಯಲ್ಲಿದ್ದಳು.

"ಒಳಗೆ ನೀರು ಬರ್ತಿದ್ಯಾ?" ದಡದಿಂದ ಅಣ್ಣ ಕೂಗಿದ. ಆಸೆ ಇನ್ನೂ ಬಿಟ್ಟಿರಲಿಲ್ಲ.

"ಮೇಲಿಂದ ಮಾತ್ರ. ಆ ಡಬ್ಬ ಎತ್ಕೊಂಡು ಬಾ, ನೀನು ಮೊಗೀತಾ ಕೂರುವೆಯಂತೆ."