ಅಪ್ಪನ ಪಿಂಚಣಿ ಯಾರ ದುಡ್ಡು?

ಸಹಿ ಹಾಕಬೇಕಾದ ಜಾಗಕ್ಕೆ ಬಂದಾಗ ಅವ್ವ ಪೆನ್ನು ಕೆಳಗಿಟ್ಟುಬಿಟ್ಟಳು.

ಹೋದ ಸೋಮವಾರ ಆದವಾನಿಯ ಖಜಾನೆ ಕಚೇರಿಯಲ್ಲಿ ನಡೆದದ್ದು. ಅಪ್ಪ ತೀರಿಕೊಂಡು ಎರಡು ತಿಂಗಳು. (ಈ ಅಂಕಣ ನಡುವೆ ನಿಂತದ್ದೂ ಅದಕ್ಕೇ. ಕಾಗದ ಬರೆದು ವಿಚಾರಿಸಿದವರಿಗೆಲ್ಲ ನಮಸ್ಕಾರ.) ಅವನು ದುಡಿದ ಹತ್ತಿ ಮಿಲ್ಲು ಅವನಿಗಿಂತ ಮೊದಲೇ ಮುಚ್ಚಿತ್ತು. ಪಿಂಚಣಿಗೆಂದು ತಿಂಗಳು ತಿಂಗಳು ಸಂಬಳದಲ್ಲಿ ಹಿಡಿದ ಹಣವನ್ನು ಮಿಲ್ಲಿನ ಸಾಹುಕಾರ ಕಟ್ಟಿರಲೇ ಇಲ್ಲ. ಆ ಕೊರತೆಯನ್ನು ಈಗ ಸರ್ಕಾರ ತುಂಬಿ, ಅಪ್ಪನ ಪಿಂಚಣಿಯನ್ನು ಅವ್ವನಿಗೆ ಕೊಡುತ್ತಿದೆ.

ಅಪ್ಪ ರಸೀದಿ ಕೇಳಬಹುದಿತ್ತು. ಕೇಳಲಿಲ್ಲ. ದೀಪಾವಳಿ ಪೂಜೆಗೆ ಸಾಹುಕಾರ ಕೈಯಾರೆ ಧೋತರ ಕೊಟ್ಟು, ಕೂಲಿಗಳ ಜೊತೆ ನೆಲದ ಮೇಲೆ ಕೂತು ಉಣ್ಣುತ್ತಿದ್ದ. "ಒಂದೇ ಪಂಕ್ತಿಯಾಗ ಉಂಡಾವ್ರು ನಾವು. ರಸೀದಿ ಕೇಳಿದ್ರ ಮರ್ಯಾದಿ ಉಳಿತೈತೇನು?" ಎನ್ನುತ್ತಿದ್ದ ಅಪ್ಪ. ಯಾರೂ ಕೇಳಲಿಲ್ಲ.

ನಮ್ಮ ಹಿಂದೆ ಚಲನ್ ಕಟ್ಟಲು ನಿಂತಿದ್ದವನು ಬಟ್ಟೆ ಅಂಗಡಿಯ ವೀರಭದ್ರಪ್ಪ. "ಮುಳುಗಿಸಿದಾವ ಸಾಹುಕಾರ, ತುಂಬಾವ್ರು ತೆರಿಗಿ ಕಟ್ಟೋ ನಾವು. ಚೊಲೋ ಐತಿ ಬಿಡ್ರಿ!" ಎಂದ.

ಅವ್ವ ಪೆನ್ನು ಕೆಳಗಿಟ್ಟದ್ದು ಆಗ.

"ಹಂಗಾದ್ರ ನಮಗ ಬ್ಯಾಡ. ನಿಮ್ಮಪ್ಪ ಮಂದಿ ರೊಕ್ಕಕ್ಕ ಕೈ ಚಾಚಿದಾವಲ್ಲ. ನಡಿ ಮನಿಗೆ."

ಆ ಹಣವಿಲ್ಲದಿದ್ದರೆ ಅವಳ ಔಷಧಿಯೂ ನಡೆಯುವುದಿಲ್ಲ.

ಗುಮಾಸ್ತ ನಕ್ಕ. "ಅಮ್ಮಾ, ಕೂರ್ಚೋಂಡಿ, ಕುಂದರ್ರಿ. ಬೆಂಕಿಪೆಟ್ಟಿಗಿ ಕೊಳ್ತೀರಿಲ್ಲ? ಅದರಾಗೂ ತೆರಿಗಿ ಐತಿ. ನೀವೂ ಕಟ್ಟಾವ್ರೇ."

ಅವ್ವ ಹಿಂದೆ ತಿರುಗಿದಳು. "ಕೇಳಿದೇನೋ ವೀರಭದ್ರಪ್ಪ? ನಾನೂ ಕಟ್ಟೀನಿ. ಮೈಮ್ಯಾಲಿನ ಈ ಸೀರಿ ನಿನ್ನ ಅಂಗಡ್ಯಾಗ ತಂದದ್ದು. ಬಿಲ್ ಕೊಟ್ಟಿದ್ದೇನು ನೀ?"

ಸಾಲಿಗೆ ಸಾಲೇ ನಕ್ಕಿತು. ಅವ್ವ ಸಹಿ ಹಾಕಿದಳು.

ಆದರೂ ವೀರಭದ್ರಪ್ಪ ಹೇಳಿದ್ದು ಸುಳ್ಳೇ? ಹಾಲಹರವಿಯ ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸೂ ಬೆಂಕಿಪೆಟ್ಟಿಗೆ ಕೊಳ್ಳುತ್ತಾಳೆ. ಮುಪ್ಪಿನಲ್ಲಿ ಅವಳಿಗೆ ಯಾವ ಪಿಂಚಣಿಯೂ ಇಲ್ಲ. ಅವ್ವನ ಔಷಧಿಯಲ್ಲಿ ಮಾತ್ರ ಅವಳದೊಂದು ಪಾಲಿದೆ. ಬೇಡವೆನ್ನಲು ನಮಗಾಗದು, ಅಪ್ಪ ಬೆವರು ಸುರಿಸಿ ಗಳಿಸಿದ ಹಕ್ಕು ಅದು. ತೆಗೆದುಕೊಂಡ ಮೇಲೂ ಮನಸ್ಸು ನೆಟ್ಟಗಿಲ್ಲ.

ಸಾಹುಕಾರ? ಬೇರೆ ಊರಿನಲ್ಲಿ ಮಗನ ಹೆಸರಿನಲ್ಲಿ ಹೊಸ ಮಿಲ್ಲು ತೆರೆದಿದ್ದಾನಂತೆ. ಅಲ್ಲಿನ ಕೂಲಿಗಳ ಮುಪ್ಪಿಗೂ ಆ ಹೆಂಗಸೇ ಈಗಿನಿಂದ ಕೂಡಿಡಬೇಕೇನು?