ಕಾಕಾನ ಐದು ನಿಮಿಷ

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಚೀಲದಲ್ಲಿ ಕತ್ತರಿ ಇದ್ದರೂ ಕೇಬಲ್ಲಿನ ಸಿಪ್ಪೆಯನ್ನು ಉಗುರಿನಿಂದಲೇ ಸುಲಿಯುವ ಹುಚ್ಚು ಅವರಿಗೆ. ಧಾರವಾಡದ ಕಡೆಯವರು, ನಾಗಪುರಕ್ಕೆ ಬಂದು ಬಹಳ ವರ್ಷವಾಗಿತ್ತು. ಅಲ್ಲಿನ ಮಿಹಾನ್ ಪ್ರದೇಶದ ನಮ್ಮ ಆಫೀಸಿನಲ್ಲಿ ಮರಾಠಿಯವರಿಗೂ ಅವರು ಕಾಕಾನೇ. ಮೈಸೂರಿನಿಂದ ಬಂದ ನನಗೆ ನೆಟ್‌ವರ್ಕ್ ಕೆಲಸ ಕಲಿಸಿದವರು ಅವರು.

ಕೆಲಸ ಮುಗಿದ ಮೇಲೆ ಐದು ನಿಮಿಷ ಪರದೆಯ ಮುಂದೆ ಕುಳಿತೇ ಏಳುತ್ತಿದ್ದರು. ನಾನು ಗೊಣಗಿದರೆ, "ಕುಂದರೋ ತಮ್ಮಾ, ಏನ್ ಜಲ್ದಿ ಐತಿ?" ಎನ್ನುತ್ತಿದ್ದರು. ಕಾರಣವನ್ನೂ ಹೇಳಿದ್ದರು: "ಕೇಬಲ್ ಕೂಡಿಸೂ ಈ ಸ್ವಿಚ್ ಡಬ್ಬಿ ಐತೆಲ್ಲ, ಕ್ಯಾಮೆರಾದ ಚಿತ್ರ ಎಲ್ಲಾ ಪರದೆಗೂ ಕೊಡೂದಿಲ್ಲ. ಯಾರು 'ನನಗ ಬೇಕು' ಅಂತ ಹೆಸರು ಹಚ್ಯಾರೋ ಅವರಿಗಷ್ಟ. ಆದ್ರ ಆಗಾಗ ಒಂದು ಸ್ವಿಚ್ 'ಇನ್ನೂ ಬೇಕೇನ್ರಿ?' ಅಂತ ಕೇಳ್ತಿರಬೇಕು. ಕೇಳೂದು ನಿಂತ್ರ ಯಾರೂ 'ಬೇಕು' ಅಂತ ಹೇಳೂದಿಲ್ಲ, ನಾಕೈದು ನಿಮಿಷದಾಗ ಎಲ್ಲಾರ ಹೆಸರೂ ಅಳಿಸಿ ಹೋಗ್ತೈತಿ."

ತಲೆಯಾಡಿಸಿದ್ದೆ. ತಲೆಗೆ ಹೋಗಿರಲಿಲ್ಲ.

ನಾಗಪುರದ ಹತ್ತಿರ ಕಳಮೇಶ್ವರದ ಒಂದು ಕಾರ್ಖಾನೆಯಲ್ಲಿ ಕಾಕಾ ಊಟಕ್ಕೆ ಹೋಗಿದ್ದಾಗ, ಮೂಲೆಯಲ್ಲಿದ್ದ ಹಳೆಯ ಸ್ವಿಚ್ಚೊಂದನ್ನು ನಾನು ಕಿತ್ತೆ. ಅದಕ್ಕಿದ್ದದ್ದು ಒಂದೇ ಕೇಬಲ್. ದಂಡಕ್ಕೆ ಇದೆ ಎಂದುಕೊಂಡೆ. ಎರಡು ನಿಮಿಷ ನೋಡಿದೆ, ಚಿತ್ರಗಳೆಲ್ಲ ಬರೋಬರ್ ಇದ್ದವು. ಚಹಾಕ್ಕೆ ಹೋದೆ. ಎಲ್ಲರನ್ನೂ 'ಇನ್ನೂ ಬೇಕೇನ್ರಿ?' ಎಂದು ಕೇಳುತ್ತಿದ್ದದ್ದು ಆ ಹಳೆಯ ಸ್ವಿಚ್ಚೇ! ಚಹಾ ಮುಗಿಯುವಷ್ಟರಲ್ಲಿ ಪರದೆಗಳೆಲ್ಲ ಕಪ್ಪಾಗಿದ್ದವು. ಕ್ಯಾಮೆರಾದಲ್ಲೇ ಕುಲುಮೆ ಕಾಯುವವರಿಗೆ ಏನೂ ಕಾಣದೆ ಇಡೀ ಕಾರ್ಖಾನೆ ನಿಲ್ಲಿಸಬೇಕಾಯಿತು.

ಮ್ಯಾನೇಜರ್ ಬಂದು, ಕಿತ್ತವರು ಯಾರೆಂದು ಕೂಗಾಡಿದ: "ಕಿಸ್‌ನೇ ನಿಕಾಲಾ?"

ನನ್ನ ಕೆಲಸ ಖಾಯಂ ಆಗಲು ಒಂದು ತಿಂಗಳು ಉಳಿದಿತ್ತು. ಆಗಷ್ಟೇ ಕೈ ಒರೆಸಿಕೊಳ್ಳುತ್ತ ಬಂದ ಕಾಕಾ ನನ್ನ ಮುಖ ನೋಡಿ, "ಮೈನೇ ನಿಕಾಲಾ" ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು.

ಮರುವಾರವೇ ಅವರನ್ನು ಕೆಲಸದಿಂದ ತೆಗೆದರು. ಗೇಟಿನವರೆಗೂ ಹಿಂದೆ ಓಡಿ, "ಕಾಕಾ, ನಾನೇ ಕಿತ್ತಿದ್ದು ಅಂತ ನಾಳೆನೇ ಹೇಳ್ಬಿಡ್ತೀನಿ" ಎಂದೆ. "ಹೇಳುವಂತಿ ಬಿಡು" ಎಂದರು. ನಾಳೆ ಬಂತು, ಖಾಯಂ ಪತ್ರವೂ ಬಂತು. ಹೇಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಐವತ್ತು ದಾಟಿದ, ಕಾರ್ಖಾನೆ ನಿಲ್ಲಿಸಿದ ಮನುಷ್ಯನಿಗೆ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಎರಡು ವರ್ಷ ಮನೆಯಲ್ಲೇ ಕುಳಿತರು. ಕಳೆದ ಬೇಸಿಗೆಯಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ.

ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಅಂಥಾ ತಪ್ಪು ಅವರು ಮಾಡಾವ್ರ ಅಲ್ಲ, ತಮ್ಮಾ. ಎಷ್ಟು ಕೇಳಿದ್ರೂ ಹೇಳಲೇ ಇಲ್ಲ. ನೀ ಅಲ್ಲೇ ಇದ್ದೆಲ್ಲ, ಏನಾಗಿತ್ತಪಾ?"

"ಗೊತ್ತಿಲ್ಲ ಕಾಕೂ" ಎಂದೆ.

ಈಗ ಹೊಸಬರಿಗೆ ಕೆಲಸ ಕಲಿಸುವವನು ನಾನು. ಕಳಮೇಶ್ವರದ ಕತೆ ಪಾಠದಲ್ಲಿದೆ, ಕಾಕಾ ಮಾಡಿದ ತಪ್ಪೆಂದೇ. ಕೆಲಸ ಮುಗಿದ ಮೇಲೆ ಐದು ನಿಮಿಷ ಕುಳಿತೇ ಏಳಬೇಕು ಎಂದೂ ಹೇಳಿಕೊಡುತ್ತೇನೆ. ಹುಡುಗರು ಅದನ್ನು ನನ್ನ ನಿಯಮವೆಂದು ಬರೆದುಕೊಳ್ಳುತ್ತಾರೆ.