ಬೀಗತಿಯ ಮೊಣಕಾಲು

ನನ್ನ ಬೀಗತಿಯ ಮೊಣಕಾಲು ಕಂಡರೆ ನನಗೆ ಹೊಟ್ಟೆಕಿಚ್ಚು. ಆಕೆಯ ಪಾಟಲಿ, ಬಿಲ್ವಾರ, ಇಳಕಲ್ ಸೀರೆ ಯಾವುದರ ಮೇಲೂ ನನಗೆ ಕಣ್ಣಿಲ್ಲ. ಅವು ನನ್ನ ಹತ್ತಿರವೂ ಇವೆ. ಮೊಣಕಾಲೂ ಎರಡಿವೆ ಅನ್ನಿ. ಆದರೆ ಆಕೆಯವು ಮಡಚುತ್ತವೆ, ನೆಟ್ಟಗಾಗುತ್ತವೆ, ಕೈ ಊರದೆ ಆಕೆಯನ್ನು ನೆಲದಿಂದ ಎತ್ತಿ ನಿಲ್ಲಿಸುತ್ತವೆ. ನನ್ನವು ಬರೀ ಸದ್ದು ಮಾಡುತ್ತವೆ.

ಬೀಗತಿ ಎಂದರೆ ನನ್ನ ಮಗಳ ಅತ್ತೆ, ರಾಮದುರ್ಗದ ನೀಲವ್ವ. ಚಿಕ್ಕಂದಿನಿಂದ ಮಗ್ಗದ ಮುಂದೆ ಕುಳಿತು ಸೀರೆ ನೇಯ್ದವಳು. ನಾನು ಬೈಲಹೊಂಗಲದಲ್ಲಿ ಕನ್ನಡ ಶಾಲೆಯ ಅಕ್ಕೋರಾಗಿ ನಿವೃತ್ತಳಾದವಳು. ನಮ್ಮ ಕಡೆ ಶಿಕ್ಷಕಿಯರಿಗೆ ಹಾಗೆಯೇ ಅನ್ನುತ್ತಾರೆ. ನಿವೃತ್ತಿಯನ್ನು ನಾನು ಬಹಳ ನಿಷ್ಠೆಯಿಂದ ಪಾಲಿಸಿದೆ. ಏಳು ವರ್ಷ ಕುರ್ಚಿ, ಎದುರಿಗೆ ಧಾರಾವಾಹಿ, ಸಂಜೆಗೆ ಚುರುಮುರಿ ಗಿರಮಿಟ್ಟು, ಅದು ಒಂಟಿಯಾಗಬಾರದೆಂದು ಜೊತೆಗೆರಡು ಮಿರ್ಚಿ ಭಜಿ. ಮಗಳ ಮದುವೆಯಲ್ಲಿ ನೀಲವ್ವ ನನಗಿಂತ ಒಂದು ಸುತ್ತು ಹೆಚ್ಚೇ ಇದ್ದಳು. ಫೋಟೋದವನು ನಮ್ಮಿಬ್ಬರನ್ನೂ ಹಿಡಿಸಲು ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದ. ಸರಿಯಾದ ಮನೆತನದ ಜೊತೆಗೇ ಸಂಬಂಧ ಬೆಳೆಸಿದ್ದೇವೆಂದು ನನಗೆ ಖಾತ್ರಿಯಾದದ್ದು ಆಗಲೇ.

ಆಮೇಲೆ ಆಕೆಗೆ ಶುಗರ್ ಬಂತು. ಡಾಕ್ಟರು ಹೇಳಿದ್ದನ್ನು ಆಕೆ ಕೇಳಿಬಿಟ್ಟಳು. ನಂಬಿಕೆದ್ರೋಹ ಶುರುವಾದದ್ದೇ ಅಲ್ಲಿಂದ. ಬೆಳಗಿನ ನಡಿಗೆ, ಎರಡು ಜೋಳದ ರೊಟ್ಟಿ, ಹಸಿ ಮೆಂತ್ಯೆ ಸೊಪ್ಪು ಮೂಲಂಗಿಯ ಪಚಡಿ. ವರ್ಷ ತುಂಬುವುದರೊಳಗೆ ಕುಪ್ಪಸ ಎಲ್ಲ ಹಿಡಿಸಿ ಹೊಲಿಸಿಕೊಂಡಳು. ನಾನು ಅದೇ ಸಮಯದಲ್ಲಿ ನನ್ನವುಗಳ ಹೊಲಿಗೆ ಬಿಚ್ಚಿಸುತ್ತಿದ್ದೆ. ಹೆತ್ತ ಮಗಳೇ ಫೋನಿನಲ್ಲಿ, “ಅವ್ವಾ, ನಮ್ಮ ಅತ್ತಿನ್ನ ನೋಡಿ ಸ್ವಲ್ಪ ಕಲಿ” ಅನ್ನುತ್ತಾಳೆ. ನೀವೇ ಹೇಳಿ, ಯಾರಿಗೆ ತಡೆದುಕೊಳ್ಳಲು ಆಗುತ್ತದೆ?

ಇಷ್ಟಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನಡುವೆ ಮೊಮ್ಮಗಳಿದ್ದಾಳೆ. ಮಗಳು ಅಳಿಯ ಇರುವುದು ಸವದತ್ತಿಯಲ್ಲಿ. ಐದು ವರ್ಷದ ಸಾನ್ವಿಯ ಸಂಸಾರವೆಲ್ಲ ನೆಲದ ಮೇಲೆ: ಕೌದಿ, ಗೊಂಬೆ, ಪುಟ್ಟ ಪುಟ್ಟ ಪಾತ್ರೆ. ನೀಲವ್ವ ಹೋದವಳೇ ಆ ಕೌದಿಯ ಮೇಲೆ ಚಕ್ಕಳಮಕ್ಕಳ ಹಾಕುತ್ತಾಳೆ. ನಾನು ಕುರ್ಚಿಯ ಮೇಲಿನಿಂದ “ಏನ ಅಡಗಿ ಮಾಡೀಯವ್ವಾ?” ಎಂದು ವಿಚಾರಿಸುತ್ತೇನೆ. ಒಮ್ಮೆ ನಾವಿಬ್ಬರೂ ಅಲ್ಲಿದ್ದಾಗ ಪಕ್ಕದ ಮನೆಯವರು ಬಂದರು. ಸಾನ್ವಿ ಬೆರಳು ಮಾಡಿ ಅಜ್ಜಿಯರಿಬ್ಬರ ಪರಿಚಯ ಮಾಡಿಕೊಟ್ಟಳು.

“ಇಕಿ ಆಟದ ಆಯಿ. ಅಕಿ ಕುರ್ಚಿ ಆಯಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿಂತಿರುಗುವಾಗ ಯರಗಟ್ಟಿಯಲ್ಲಿ ಬಸ್ಸು ಬದಲಿಸಿದರೆ, ಯಾರೋ ಒಬ್ಬಾಕೆ ನನ್ನನ್ನು ನೋಡಿದ್ದೇ ಎದ್ದು ಸೀಟು ಬಿಟ್ಟುಕೊಟ್ಟಳು. ಸುದ್ದಿ ಅಲ್ಲಿಗೂ ಮುಟ್ಟಿದೆ ಅನ್ನಿಸಿತು. ವಿದ್ವಾಂಸರಿಗೆ ಪೀಠ ಸಿಕ್ಕರೆ ಹಾರ ಹಾಕುತ್ತಾರೆ. ನನಗೆ ಸಿಕ್ಕ ಪೀಠದಿಂದ ಮೊಮ್ಮಗಳು ಮೂರು ಅಡಿ ದೂರವಾಗಿದ್ದಳು.

ಮತ್ಸರ, ಅಸೂಯೆ ಎಂಬ ಸಂಸ್ಕೃತದ ಮಾತುಗಳನ್ನು ಶಾಲೆಯಲ್ಲಿ ಎಷ್ಟೋ ಸಲ ಬರೆಸಿದ್ದೇನೆ. ಅವು ಮನಸ್ಸಿನಲ್ಲಿ ಇರುವಂಥವು. ಕನ್ನಡದವರು ಮಾತ್ರ ಅದನ್ನು ಸರಿಯಾದ ಜಾಗ ನೋಡಿ ಹೊಟ್ಟೆಯಲ್ಲಿಟ್ಟರು. ಅಷ್ಟು ಬೆಂಕಿ ಅಲ್ಲಿದ್ದರೆ ಸುತ್ತಲಿನ ಕೊಬ್ಬಾದರೂ ಕರಗಬೇಕಿತ್ತು. ನನಗೆ ಹಸಿವೆ ಹೆಚ್ಚಾಯಿತು.

ಹೀಗಾಗಿ ಉಪವಾಸ ಹಿಡಿದೆ. ಸೋಮವಾರ, ಗುರುವಾರ, ಶನಿವಾರ. ನಮ್ಮ ಕಡೆಯ ಉಪವಾಸ ನಿಮಗೆ ಗೊತ್ತಿರಬೇಕು: ಅನ್ನ, ರೊಟ್ಟಿ ಮುಟ್ಟಬಾರದು. ಆದ್ದರಿಂದ ತುಪ್ಪ, ಶೇಂಗಾಪುಡಿ ಹಾಕಿದ ಸಾಬೂದಾಣಿ ಖಿಚಡಿ, ಬೇಯಿಸಿದ ಬಟಾಟಿ, ಶೇಂಗಾ ಉಂಡಿ, ಬಾಳೆಹಣ್ಣು, ಮಲಗುವ ಮುಂಚೆ ಕೆನೆಹಾಲು. ನಮ್ಮ ಮನೆಯವರು ನನ್ನ ತಾಟು ನೋಡಿ, “ಉಪಾಸ ಅಂದ್ರ ಹಿಂಗಿರಬೇಕ ನೋಡು. ನಾನೂ ಹಿಡೀಲೇನು?” ಅಂದರು. ತಿಂಗಳ ಕೊನೆಗೆ ಔಷಧಿ ಅಂಗಡಿಯ ತೂಕದ ಯಂತ್ರ ಎರಡು ಕಿಲೋ ಹೆಚ್ಚು ತೋರಿಸಿತು. ಯಂತ್ರ ಕೆಟ್ಟಿದೆ ಎಂದು ಮತ್ತೊಂದು ಅಂಗಡಿಗೆ ಹೋದೆ. ಎರಡೂ ಮಾತಾಡಿಕೊಂಡಿದ್ದವು.

ಸೋಲೊಪ್ಪಿಕೊಂಡು ಕೊನೆಗೆ ನೀಲವ್ವನ ದಾರಿಯನ್ನೇ ಹಿಡಿದೆ, ಆದರೆ ಕಳ್ಳತನದಿಂದ. ದಿನಾ ಫೋನು ಮಾಡಿ, “ಇವತ್ತ ಏನ ಅಡಗಿರಿ?” ಎಂದು ಸಹಜವೆಂಬಂತೆ ಕೇಳುವುದು, ಮರುದಿನ ಅದನ್ನೇ ಮಾಡುವುದು. ಪಾಪ, ಬೀಗತಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂದು ಆಕೆ ತಿಳಿದಿರಬೇಕು. ಬೆಳಿಗ್ಗೆ ನಡೆದೆ. ಗಿರಮಿಟ್ಟು ಬಿಟ್ಟೆ, ಮಿರ್ಚಿಯನ್ನು ಅರ್ಧ ಬಿಟ್ಟೆ. ಮಂಚದಿಂದ ಸ್ಟೂಲಿಗೆ, ಸ್ಟೂಲಿನಿಂದ ಮಣೆಗೆ, ಮಣೆಯಿಂದ ನೆಲಕ್ಕೆ ಎಂಟು ತಿಂಗಳಲ್ಲಿ ಇಳಿದೆ. ಏಳುವಾಗ ಮಾತ್ರ ಮಂಚದ ಕಾಲು ಬೇಕೇ ಬೇಕು. “ಕ್ರೇನ್ ತರಿಸ್ಲೇನು?” ಎಂದು ನಮ್ಮ ಮನೆಯವರು ಕೇಳುವುದನ್ನು ಬಿಡಲಿಲ್ಲ. ಕೈ ಊರದೆ ಏಳುವುದು ಹೇಗೆಂದು ನೀಲವ್ವನನ್ನು ಕೇಳಬಹುದಿತ್ತು. ಕೇಳಿದರೆ ನಾನು ಚಿಕ್ಕವಳಾಗುತ್ತಿದ್ದೆ.

ಹೋದ ತಿಂಗಳು ಸವದತ್ತಿಗೆ ಹೋದೆ. ನೀಲವ್ವ ಆಗಲೇ ಬಂದು ಕೌದಿಯ ಮೇಲೆ ಕುಳಿತಿದ್ದಳು. ಮಗಳು ರೂಢಿಯಂತೆ ಕುರ್ಚಿ ಎಳೆದಳು. ನಾನು ಅದನ್ನು ದಾಟಿ ಹೋಗಿ, ಯಾರ ಕೈಯನ್ನೂ ಹಿಡಿಯದೆ ನೆಲದ ಮೇಲೆ ಕುಳಿತೆ. ಚಪ್ಪಾಳೆ ಬೇಡ, ಒಂದು “ಅಬ್ಬಾ” ಆದರೂ ಬರಬಹುದೆಂದು ಕಾದೆ. ಸಾನ್ವಿ ನನ್ನನ್ನು ನೋಡಿದಳು, ಖಾಲಿ ಕುರ್ಚಿಯನ್ನು ನೋಡಿದಳು, ಸರಕ್ಕನೆ ಅದನ್ನು ಹತ್ತಿ ಕುಳಿತಳು.

“ನಾ ಅಕ್ಕೋರು. ನೀವಿಬ್ರೂ ಸಾಲಿ ಹುಡುಗ್ರು. ಪಾಟಿ ತಗೋರಿ.”

ಜೂನಿನಿಂದ ಆಕೆ ಶಾಲೆಗೆ ಹೋಗುತ್ತಿದ್ದಾಳಂತೆ. ನಾನು ಎಂಟು ತಿಂಗಳು ಬೆವರು ಸುರಿಸಿ ಕೆಳಗೆ ಇಳಿದರೆ ಆಟ ಮೇಲಕ್ಕೆ ಹೋಗಿತ್ತು. ಸ್ಲೇಟಿನ ಮೇಲೆ ಮನೆಯವರೆಲ್ಲರ ಹೆಸರು ಬರೆಯಲು ಅಪ್ಪಣೆಯಾಯಿತು. ನಾನು ದುಂಡಗಿನ ಅಕ್ಷರಗಳಲ್ಲಿ ಸರಸರ ಬರೆದು ಮುಗಿಸಿದೆ. ನೀಲವ್ವ ಎರಡು ಅಕ್ಷರ ಬರೆದು ಸೆರಗಿನಿಂದ ಒರೆಸಿದಳು. ಮತ್ತೆ ಬರೆದಳು, ಮತ್ತೆ ಒರೆಸಿದಳು. ಒಂದನೇ ಇಯತ್ತೆಗೇ ಶಾಲೆ ಬಿಡಿಸಿ ಆಕೆಯನ್ನು ಮಗ್ಗದ ಕೆಲಸಕ್ಕೆ ಹಚ್ಚಿದ್ದರು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಆಕೆ ನನ್ನ ಪಾಟಿಯತ್ತ ಓರೆಗಣ್ಣಿನಿಂದ ನೋಡಿದಳು. ಆ ನೋಟದ ಗುರುತು ನನಗೆ ಚೆನ್ನಾಗಿ ಹತ್ತಿತು. ಅದೇ ಕಣ್ಣಿನಿಂದ ನಾನು ಆಕೆಯ ಮೊಣಕಾಲು ನೋಡುತ್ತ ಬಂದಿದ್ದೆ. ನಕಲು ಮಾಡುವವರ ಕಿವಿ ಹಿಂಡುವುದರಲ್ಲಿ ಹೆಸರಾದವಳು ನಾನು. ಪಾಟಿಯನ್ನು ಮೆಲ್ಲಗೆ ಆಕೆಯ ಕಡೆ ಹೊರಳಿಸಿದೆ. ಆಕೆ ಒಂದೊಂದೇ ಅಕ್ಷರ ನೋಡಿ ಇಳಿಸಿಕೊಂಡಳು.

“ಸಾಲಿ ಬಿಟ್ತು, ಏಳ್ರಿ” ಎಂದಳು ಚಿಕ್ಕ ಅಕ್ಕೋರು. ನೀಲವ್ವ ಎದ್ದಳು. ನಾನು ಸುತ್ತಮುತ್ತ ನೋಡಿದೆ. ಹಿಡಿದುಕೊಳ್ಳಲು ಮಂಚದ ಕಾಲು ಇಲ್ಲ. ಆಗ ಆಕೆ ಬಾಗಿ, ಸಾನ್ವಿಗೆ ಕೇಳದ ಹಾಗೆ ನನ್ನ ಕಿವಿಯಲ್ಲಿ ಅಂದಳು:

“ಅಕ್ಕೋರ, ಬಲಗಾಲ ಹತ್ರ ಎಳಕೋರಿ. ಮುಂದ ಬಾಗ್ರಿ. ಭಾರ ಎಲ್ಲಾ ಪಾದದ ಮ್ಯಾಲ ಬರ್ಲಿ. ಹಾಂ, ಈಗ ಏಳ್ರಿ.”

ಎದ್ದು ನಿಂತೆ. ಕೈ ನೆಲಕ್ಕೆ ತಾಗಲಿಲ್ಲ.

“ಇಷ್ಟೇನ್ರಿ?” ಎಂದೆ.

“ಇಷ್ಟ ರೀ” ಎಂದಳು ನೀಲವ್ವ. “ಕೇಳಿದ್ರ ಹೋದ ವರ್ಷನ ಹೇಳತಿದ್ನಲ್ರಿ.”